ಅಕ್ಕನ ಮನೆ ಎದುರಿನ ಗೋಡೆಗೆ ಬರೆದ ಸಾಲು

ನಾನು ಓದಿದ್ದು ಏಳನೇ ಕ್ಲಾಸು. ಆದರೆ ದಾವಣಗೆರೆ, ಹರಿಹರದ ಜನ ಮೂವತ್ತೈದು ವರ್ಷ ನಾನು ಬರೆದದ್ದನ್ನು ಓದಿಕೊಂಡು ಓಡಾಡಿದರು. ಬಸ್ಸಿನ ಕಿಟಕಿಯಿಂದ ಓದಿದರು, ಸೈಕಲ್ ನಿಲ್ಲಿಸಿ ಓದಿದರು, ಗೋಡೆಯ ಮಗ್ಗುಲಲ್ಲಿ ನಿಂತು ಮಾಡಬಾರದ ಕೆಲಸ ಮಾಡುತ್ತಲೂ ಓದಿದರು. ಇದನ್ನು ಹೇಳಿಕೊಳ್ಳುವಾಗ ಎದೆ ಈಗಲೂ ಸ್ವಲ್ಪ ಉಬ್ಬುತ್ತದೆ. ಉಬ್ಬಿದ ಕೂಡಲೇ ಹರಿಹರದ ಒಂದು ಗೋಡೆ ನೆನಪಾಗಿ ಇಳಿದುಹೋಗುತ್ತದೆ.

ಇದನ್ನು ಬರೆಯಲು ಹೇಳಿದವಳು ಚೈತ್ರ. ದಾವಣಗೆರೆಯ ಸರಸ್ವತಿ ನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಾಳೆ. ಫೋನಿನಲ್ಲಿ ಬರುತ್ತವಲ್ಲ, ಆ ಜಾಹೀರಾತುಗಳನ್ನು ತಯಾರಿಸುವ ಕೆಲಸ ಅವಳದು.

"ಅಂಕಲ್, ನಮ್ಮ ಆಫೀಸಿಗೆ ಹೊಸಬ್ರು ಸೇರ್ಕೊಂಡಾರೆ. ನೀವು ಹೆಂಗೆ ಕೆಲಸ ಮಾಡ್ತಿದ್ರಿ ಅಂತ ಬರ್ದುಕೊಡ್ರಿ. ಟೈಪ್ ನಾನು ಮಾಡ್ತೀನಿ."

"ನಾನು ಬರ್ದಿದ್ದೆಲ್ಲ ಒಂದೊಂದೇ ಸಾಲು ಕಣವ್ವ. ಉದ್ದ ಬರ್ದು ರೂಢಿ ಇಲ್ಲ."

"ಹಂಗಾದ್ರೆ ಒಂದೊಂದು ಸಾಲಿನ ಕತೆ ಬರೀರಿ, ಸಾಕು."

ಸರಿ ಎಂದು ಕುಳಿತಿದ್ದೇನೆ. ನನಗೆ ಸಿಕ್ಕ ಶಾಲು, ಹಾರ, ಆಯುಧ ಪೂಜೆಯ ದಿನ ಮಾಲೀಕರು ಎಲ್ಲರೆದುರು ಬೆನ್ನು ತಟ್ಟಿದ್ದು, ಇವುಗಳಿಂದ ನಿಮಗೆ ಉಪಯೋಗವಿಲ್ಲ. ಉಪಯೋಗಕ್ಕೆ ಬರುವುದನ್ನು ಬರೆಯುತ್ತೇನೆ.

ಅಪ್ಪ ಕೆಲಸ ಮಾಡುತ್ತಿದ್ದ ಹತ್ತಿ ಮಿಲ್ಲು ಬಾಗಿಲು ಹಾಕಿದ ವರ್ಷ ನಾನು ಶಾಲೆ ಬಿಟ್ಟೆ. ಮಂಡಿಪೇಟೆಯಲ್ಲಿ ಬೋರ್ಡು ಬರೆಯುತ್ತಿದ್ದ ಗೌಸ್ ಮೇಸ್ತ್ರಿಯ ಹತ್ತಿರ ಸೇರಿಕೊಂಡೆ. ಮನೆ ನಡೆಸುತ್ತಿದ್ದವಳು ಅಕ್ಕ ಕೊಟ್ರಮ್ಮ. ನನಗಿಂತ ಎಂಟು ವರ್ಷ ದೊಡ್ಡವಳು, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮಂಡಕ್ಕಿ ಹುರಿಯುವ ಭಟ್ಟಿಯಲ್ಲಿ ಮರಳು ಜರಡಿ ಹಿಡಿಯುವ ಕೆಲಸ ಅವಳದು. ಸಂಜೆ ಬರುವಾಗ ಅವಳ ಸೆರಗಿನಲ್ಲಿ ಮುರುಕು ಮಂಡಕ್ಕಿ ಇರುತ್ತಿತ್ತು. ಈರುಳ್ಳಿ, ಖಾರದಪುಡಿ, ನಾಲ್ಕು ಹನಿ ಎಣ್ಣೆ ಹಾಕಿ ಕಲಸಿ ನನ್ನ ಮುಂದೆ ಇಡುತ್ತಿದ್ದಳು. ನಾನು ಬೆಳೆದದ್ದು ಅದನ್ನು ತಿಂದು.

ಎನಾಮಲ್ ಬಣ್ಣದಲ್ಲಿ ನಾನು ಸ್ವಂತವಾಗಿ ಬರೆದ ಮೊದಲ ಅಕ್ಷರಗಳು ಅವಳ ಹೆಸರು. ಹರಿಹರಕ್ಕೆ ಮದುವೆಯಾಗಿ ಹೊರಟಾಗ ಅವಳ ಟ್ರಂಕಿನ ಮೇಲೆ ಬರೆದುಕೊಟ್ಟೆ.

"ಏನಂತ ಬರ್ದೀಯೋ?"

"ಕೊಟ್ರಮ್ಮ ಅಂತ."

"ದಿಟಾನಾ? ನಾ ಏನ್ ಓದ್ತೀನಾ ಬಿಡ್ತೀನಾ. ಕತ್ತೆ ಅಂತ ಬರ್ದಿದ್ರೂ ಅದ್ನೇ ಹೊತ್ಕೊಂಡು ಹೋಗ್ತೀನಿ ನೋಡು."

ಮುಂದೆ ಅವಳ ಮನೆಗೆ ಬರುವ ಪ್ರತಿಯೊಂದು ಕಾಗದವನ್ನೂ ಓದಿ ಹೇಳುತ್ತಿದ್ದವನು ನಾನೇ. ಪಡಿತರ ಚೀಟಿ, ನೆಂಟರ ಪತ್ರ, ಭಾವ ತೀರಿಕೊಂಡಾಗ ಅವರ ಕಾರ್ಖಾನೆಯಿಂದ ಬಂದ ನೋಟೀಸು, ಎಲ್ಲ. ಭಾವ ಬದುಕಿದ್ದಾಗಲೂ "ತಮ್ಮ ಬರ್ಲಿ ತಡೀರಿ" ಎಂದು ಕಾಗದಗಳನ್ನು ದೇವರ ಗೂಡಿನಲ್ಲಿ ಇಟ್ಟಿರುತ್ತಿದ್ದಳು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಗೌಸ್ ಮೇಸ್ತ್ರಿ ಕಲಿಸಿದ್ದು ಅಕ್ಷರ. ಕಸುಬು ಕಲಿಸಿದವರು ವಿರೂಪಾಕ್ಷಪ್ಪ ಸಾಹುಕಾರರು. ದಾವಣಗೆರೆಯಲ್ಲಿ ಗೋಡೆಗಳನ್ನು ಗುತ್ತಿಗೆ ಹಿಡಿದು ಕಂಪನಿಗಳ ಜಾಹೀರಾತು ಬರೆಸುತ್ತಿದ್ದವರು. ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ, ಬಾಯಿ ತುಂಬ ಎಲೆ ಅಡಿಕೆ. ಕೆಲಸಕ್ಕೆ ಸೇರಿದ ದಿನ ಕೇಳಿದರು.

"ಹಾಲೇಶಿ, ಸೋಪು ಯಾಕೋ ತಗೊಂತಾರೆ ಮಂದಿ?"

"ಮೈ ತೊಳ್ಕೊಳಾಕೆ ಸಾಹುಕಾರ್ರೆ."

"ಮೈಯಾಗಿನ ಮಣ್ಣು ಕಡ್ಲೆಹಿಟ್ಟಿನಾಗೂ ಹೋಗ್ತೈತೆ. ಬಸ್ಸಿನಾಗೆ ಪಕ್ಕದಾಗೆ ಕುಂತೋನು ಮೂಗು ಮುಚ್ಕೊಂಡಾನು ಅಂತ ತಗೊಂತಾರೆ. ಮಣ್ಣಿನ ಮ್ಯಾಲೆ ಬರೀಬ್ಯಾಡ. ಮೂಗಿನ ಮ್ಯಾಲೆ ಬರಿ."

ಅವರು ನನಗೆ ಕಲಿಸಿದ ರೀತಿ ಹೀಗಿತ್ತು. ಹೊಸ ಸಾಮಾನು ಬಂದರೆ ಬ್ರಶ್ಶು ಮುಟ್ಟುವಂತಿಲ್ಲ. ಅದನ್ನು ಕೊಳ್ಳಬೇಕಾದ ಜನ ಎಲ್ಲಿ ಸೇರುತ್ತಾರೋ ಅಲ್ಲಿ ಹೋಗಿ ಮೂರು ದಿನ ಸುಮ್ಮನೆ ಕೂರಬೇಕು. ಏನನ್ನೂ ಕೇಳಬಾರದು. ಅವರು ಯಾವ ಮಾತಿಗೆ ದನಿ ತಗ್ಗಿಸುತ್ತಾರೆ ಎಂದು ಮಾತ್ರ ನೋಡಬೇಕು. ದನಿ ತಗ್ಗಿದ ಕಡೆ ನಾಚಿಕೆ ಇರುತ್ತದೆ, ನಾಚಿಕೆ ಇದ್ದ ಕಡೆ ಸಾಮಾನು ಮಾರುತ್ತದೆ.

ಮೊದಲು ಗೆದ್ದದ್ದು ಮಿಕ್ಸಿಯ ಸಾಲು. ಮಂಡಿಪೇಟೆಯ ಒಂದು ಪಾತ್ರೆ ಅಂಗಡಿಯವರು ಮಿಕ್ಸಿ ತರಿಸಿದ್ದರು, ಹೋಗುತ್ತಿರಲಿಲ್ಲ. ಕೈ ನೋವಿಲ್ಲ, ಶ್ರಮವಿಲ್ಲ ಎಂದು ಬೇರೆಯವರು ಬರೆದಿದ್ದರು. ನಾನು ಆನೆಕೊಂಡದ ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ಕೂತೆ. ಕೈ ನೋವಿನ ಬಗ್ಗೆ ಹೆಂಗಸರು ಗಟ್ಟಿಯಾಗಿಯೇ ಮಾತಾಡುತ್ತಿದ್ದರು, ಒಂಥರಾ ಹೆಮ್ಮೆಯಲ್ಲಿ. ಮೂರನೆಯ ದಿನ ಒಬ್ಬಾಕೆ ಗೆಳತಿಯ ಕಿವಿಯ ಹತ್ತಿರ ಬಗ್ಗಿದಳು.

"ಪಕ್ಕದ ಮನ್ಯಾಕಿ ಬೆಳಿಗ್ಗೆ ಆರಕ್ಕೇ ಗುರ್ ಅನ್ನಿಸ್ತಾಳೆ ಕಣೇ. ಆಮ್ಯಾಲೆ ನಾನು ಒರಳ್ಗಲ್ಲು ಗರಗರ ಅನ್ನಿಸ್ಬೇಕು. ಅಕಿಗೆ ಕೇಳುಸ್ತೈತಲ್ಲ, ಒಂಥರಾ ಆಗ್ತೈತೆ."

ನನಗೆ ಅಷ್ಟು ಸಾಕಾಗಿತ್ತು. 'ಪಕ್ಕದ ಮನೆಯ ಮಿಕ್ಸಿ ಸದ್ದು ಕೇಳಿಸಿತೆ? ನಿಮ್ಮ ಒರಳಿನ ಸದ್ದು ಅವರಿಗೂ ಕೇಳಿಸುತ್ತದೆ.' ಹಳದಿ ಹಿನ್ನೆಲೆ, ಕೆಂಪು ಅಕ್ಷರ. ದೀಪಾವಳಿಯೊಳಗೆ ಅಂಗಡಿಯಲ್ಲಿದ್ದ ಮಿಕ್ಸಿಗಳೆಲ್ಲ ಖಾಲಿಯಾಗಿ ಮತ್ತೆ ತರಿಸಿದರು. ಸಾಹುಕಾರರು ನನ್ನನ್ನು ಬೆಣ್ಣೆ ದೋಸೆ ಹೋಟೆಲಿಗೆ ಕರೆದುಕೊಂಡು ಹೋಗಿ ಎದುರಿಗೆ ಕೂರಿಸಿಕೊಂಡು ತಿನ್ನಿಸಿದರು.

ಒಂದು ವರ್ಷದ ನಂತರ ಅದೇ ಗಿರಣಿಯಲ್ಲಿ ಆ ಹೆಂಗಸು ಸಿಕ್ಕಳು. ಮಿಕ್ಸಿ ತಂದಿದ್ದಳು. ಆದರೆ ಅವಳ ಗಂಡನಿಗೆ ಒರಳಿನ ಚಟ್ನಿಯೇ ಆಗಬೇಕು. ಹಾಗಾಗಿ ಬೆಳಿಗ್ಗೆ ಆರಕ್ಕೆ ಖಾಲಿ ಮಿಕ್ಸಿಯನ್ನು ಒಂದು ನಿಮಿಷ ಗುರ್ ಅನ್ನಿಸಿ, ಪಕ್ಕದ ಮನೆಗೆ ಕೇಳಿಸಿದ ಮೇಲೆ, ಒರಳಿನ ಅಡಿಗೆ ಗೋಣಿತಟ್ಟು ಹಾಸಿ ಸದ್ದಾಗದಂತೆ ರುಬ್ಬುತ್ತಿದ್ದಳಂತೆ. ಅವಳೇ ನಗುತ್ತಾ ಹೇಳಿದಳು. ನಾನು ಆಫೀಸಿಗೆ ಬಂದು ಹೇಳಿದೆ, ಸಾಹುಕಾರರು ಎಲೆ ಅಡಿಕೆ ನೆತ್ತಿಗೇರುವಷ್ಟು ನಕ್ಕರು. ಈ ಕತೆಯನ್ನು ನಾನು ಎಷ್ಟೋ ಮದುವೆ ಮನೆಗಳಲ್ಲಿ ಹೇಳಿ ನಗಿಸಿದ್ದೇನೆ. ಅದು ನಗುವ ಕತೆಯಲ್ಲ ಎಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ಇದ್ದ ಕೆಲಸ ಕಡಿಮೆ ಮಾಡಲು ತಂದ ಸಾಮಾನು. ಅವಳಿಗೆ ಇನ್ನೊಂದು ಕೆಲಸ ಸೇರಿತು, ಸೇರಿಸಿದವನು ನಾನು.

ಎಡವಿದ್ದೂ ಇದೆ. ಕೂದಲಿಗೆ ಹಚ್ಚುವ ಕಪ್ಪು ಬಣ್ಣದ ಕಂಪನಿಗೆ ಉಳ್ಳವರ ಬಡಾವಣೆಯಾದ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ಒಂದು ಕಾಂಪೌಂಡು ಸಿಕ್ಕಿತ್ತು. 'ಇವರಿಗೆ ಇಷ್ಟು ಬೇಗ ವಯಸ್ಸಾಯಿತೆ?' ಎಂದು ಆಳೆತ್ತರದ ಅಕ್ಷರದಲ್ಲಿ ಬರೆದು ಬಂದೆ. ಮನೆ ಒಬ್ಬ ನಿವೃತ್ತ ಹೆಡ್ ಮಾಸ್ಟರದು. ದಿನಾ ಬೆಳಿಗ್ಗೆ ಪೇಪರು ಹಿಡಿದು ಅದೇ ಕಾಂಪೌಂಡಿಗೆ ಒರಗಿ ನಿಲ್ಲುವುದು ಅವರ ಅಭ್ಯಾಸ. ತಲೆ ಹತ್ತಿಯ ಹಾಗೆ ಬೆಳ್ಳಗೆ. ವಾರದೊಳಗೆ ಆಫೀಸಿಗೇ ಬಂದರು.

"ಏನ್ರೀ ಆರ್ಟಿಸ್ಟೇ, ಸ್ಕೂಲಿಗೆ ಹೋಗೋ ಹುಡುಗ್ರು ಗ್ವಾಡೆ ನೋಡಿ ನನ್ ತಲೆ ನೋಡ್ತಾರೆ, ತಲೆ ನೋಡಿ ಗ್ವಾಡೆ ನೋಡ್ತಾರೆ. ನಲವತ್ತು ವರ್ಷ ಬೋರ್ಡ್ ಮ್ಯಾಲೆ ನಾನು ಬರ್ದೆ, ಈಗ ನನ್ನೇ ಬೋರ್ಡ್ ಮಾಡೀರಲ್ರೀ!"

ಕೈ ಮುಗಿದು, ಅವತ್ತೇ ಸುಣ್ಣ ಹೊಡೆದು ಬಂದೆ. ಗೋಡೆ ಬರಹದಲ್ಲಿ ಕಲಿಯಬೇಕಾದ ಪಾಠ ಅದು. ದಾರಿಯಲ್ಲಿ ಹೋಗುವ ಸಾವಿರ ಜನರಿಗೆಂದು ನೀವು ಬರೆಯುತ್ತೀರಿ. ಆದರೆ ಆ ಗೋಡೆಯ ಹತ್ತಿರ ದಿನಾ ನಿಲ್ಲುವವನು ಒಬ್ಬ ಇರುತ್ತಾನೆ. ಸಾಲು ಅವನ ಮೇಲೆ ಬೀಳುತ್ತದೆ. ಇದನ್ನು ಕಲಿತಿದ್ದೆ. ಕಲಿತ ಮೇಲೂ ಮುಂದಿನದನ್ನು ಮಾಡಿದೆ. ಅದಕ್ಕೇ, ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಹೊಸದಾಗಿ ಶುರುವಾದ ಒಂದು ಬಿಸ್ಕತ್ತು ಕಂಪನಿ ನಮ್ಮ ಆಫೀಸಿಗೆ ಬಂತು. ಅವರ ಮ್ಯಾನೇಜರು ಚಿಕ್ಕ ವಯಸ್ಸಿನವರು, ಟೈ ಕಟ್ಟಿದವರು, ಪರ ಊರಿನವರು. ಟೇಬಲ್ಲಿನ ಮೇಲೆ ಬಿಸ್ಕತ್ತು ಇಟ್ಟು, ಪಕ್ಕದಲ್ಲಿ ಒಂದು ಪೊಟ್ಟಣ ಬಿಚ್ಚಿ ಮಂಡಕ್ಕಿ ಸುರಿದರು.

"ಬೇರೆ ಊರುಗಳಲ್ಲಿ ನಮಗೆ ಬೇರೆ ಬಿಸ್ಕತ್ತುಗಳ ಜೊತೆ ಪೈಪೋಟಿ. ನಿಮ್ಮ ಊರಲ್ಲಿ ಮಾತ್ರ ಇದರ ಜೊತೆ. ಯಾರ ಮನೆಗೆ ಹೋದರೂ ಒಂದು ತಟ್ಟೆ ಮಂಡಕ್ಕಿ, ಒಂದು ಮಿರ್ಚಿ ಬಜ್ಜಿ. ನಮ್ಮ ಪ್ಯಾಕೆಟ್ ಒಡೆಯೋಕೆ ಜಾಗವೇ ಇಲ್ಲ."

"ರುಚಿ ಐತಲ್ರೀ ಸಾರ್, ಅದಕ್ಕೇ ತಿಂತಾರೆ" ಎಂದೆ.

"ರುಚಿ ಇರಲಿ. ಮನೆಯವರು ತಾವು ತಿನ್ನಲಿ. ಬಂದವರ ಮುಂದೆ ಇಡೋಕೆ ಹಿಂಜರಿಯಬೇಕು. ಅಷ್ಟು ಮಾಡಿಕೊಡಿ."

ಸಾಹುಕಾರರು ನನ್ನ ಕಡೆ ನೋಡಿದರು. "ಮೂರು ದಿನ ಕುಂತು ಬಾ" ಎಂದರು.

ಎಲ್ಲಿ ಕೂರುವುದು ಎಂದು ನಾನು ಯೋಚಿಸಲೂ ಇಲ್ಲ. ಅಕ್ಕನ ಮನೆಗೆ ಹೋದೆ. ಭಾವ ತೀರಿಕೊಂಡ ಮೇಲೆ ಅಕ್ಕ ದಾವಣಗೆರೆಯ ಭಟ್ಟಿಯಿಂದ ಚೀಲಗಟ್ಟಲೆ ಮಂಡಕ್ಕಿ ತರಿಸಿ, ಬೆಳ್ಳುಳ್ಳಿ ಜಜ್ಜಿ ಹಾಕಿ ಖಾರ ಮಂಡಕ್ಕಿ ಮಾಡಿ ಮಾರುತ್ತಿದ್ದಳು. ಹರಿಹರದ ಅವಳ ಓಣಿಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಎದ್ದರೆ ಹೆಂಗಸರು ಡಬ್ಬಿ ಹಿಡಿದು ಬರುತ್ತಿದ್ದರು. ಅವಳ ಜಗಲಿ ಅಂದರೆ ಆ ಓಣಿಯ ಕಚೇರಿ.

"ಏನಪಾ, ಮೂರು ದಿನ ರಜಾ ಕೊಟ್ರಾ ನಿಮ್ ಸಾಹುಕಾರ್ರು?" ಎಂದು ಅಕ್ಕ ಕೇಳಿದಳು.

"ಹೂಂ, ನಿನ್ ಕೈ ಮಂಡಕ್ಕಿ ತಿಂದು ಬಾ ಅಂದ್ರು."

"ಹಂಗಾದ್ರೆ ಅವ್ರಿಗೂ ಒಂದು ಡಬ್ಬಿ ಒಯ್ಯಿ."

ಎರಡನೆಯ ದಿನ ಪಕ್ಕದ ಓಣಿಯ ರೇಣುಕಮ್ಮ ಬಂದರು. ಮಗಳನ್ನು ನೋಡಲು ಹುಬ್ಬಳ್ಳಿ ಕಡೆಯವರು ಬರುವವರಿದ್ದರು. ಡಬ್ಬಿ ಮುಂದೆ ಚಾಚಿ ದನಿ ತಗ್ಗಿಸಿದರು.

"ಕೊಟ್ರಮ್ಮಾರೆ, ದೊಡ್ಡ ಮಂದಿ ಅಂತೆ ಅವ್ರು. ಮಂಡಕ್ಕಿ ಇಟ್ರೆ ಏನಂದ್ಕೊಂತಾರೋ ಅಂತ ಒಂದೀಟು ಅಳುಕು."

"ಏನಂದ್ಕೊಂತಾರೆ? ಇವ್ರು ನಮ್ಮನ್ನ ಮನೆ ಮಂದಿ ಅಂದ್ಕೊಂಡ್ರು ಅಂದ್ಕೊಂತಾರೆ. ಅಂಗಡಿದು ತಂದು ಇಟ್ರೆ ಹೊರಗಿನೋರು ಅಂದಂಗೆ. ತಗೊಂಡ್ ಹೋಗ್ರಿ, ಒಂದು ಹಿಡಿ ಜಾಸ್ತಿ ಹಾಕೀನಿ, ಮದುಮಗಳ ಪಾಲು."

ರೇಣುಕಮ್ಮ ನಕ್ಕು, ಮುಖ ಬಿಚ್ಚಿಕೊಂಡು ಹೋದರು. ಅವರ ಅಳುಕನ್ನು ಅಕ್ಕ ಒಂದೇ ಮಾತಿನಲ್ಲಿ ತೆಗೆದುಹಾಕಿದ್ದಳು. ನಾನು ಬಾಗಿಲ ಮರೆಯಲ್ಲಿ ಅವಳು ಕೊಟ್ಟ ತಟ್ಟೆಯಿಂದಲೇ ತಿನ್ನುತ್ತಾ ಕುಳಿತು, ಆ ಅಳುಕನ್ನು ಎತ್ತಿಕೊಂಡೆ. ದಾವಣಗೆರೆಗೆ ಹೋಗುವ ಬಸ್ಸಿನಲ್ಲೇ ಸಾಲು ಹುಟ್ಟಿತು.

'ಬೀಗರು ಬಂದಾರೆ. ಇನ್ನೂ ಮಂಡಕ್ಕೀನಾ?'

ಮ್ಯಾನೇಜರು ಕುರ್ಚಿಯಿಂದ ಎದ್ದುಬಿಟ್ಟರು. ಸಾಹುಕಾರರು ಮಾತ್ರ ಎಲೆ ಅಡಿಕೆಯ ತಟ್ಟೆ ಪಕ್ಕಕ್ಕೆ ಸರಿಸಿ, "ನಿಮ್ಮಕ್ಕ ಅದ್ನೇ ಅಲ್ಲೇನೋ ಮಾರೋದು?" ಎಂದರು.

"ಅಕ್ಕಂದು ಓಣಿ ಯಾಪಾರ ಸಾಹುಕಾರ್ರೆ. ಇದು ಊರಿಗೆ ಬರೆಯೋದು."

ಆ ಉತ್ತರ ಕೊಟ್ಟವನು ನಾನೇ, ಯಾರೂ ಕೊಡಿಸಲಿಲ್ಲ. ಸಾಲು ಅಷ್ಟು ಚೆನ್ನಾಗಿ ಬಂದಿತ್ತು, ಬಿಡಲು ಮನಸ್ಸಿರಲಿಲ್ಲ. ಕೆಲಸದ ಹೆಮ್ಮೆ ಎನ್ನುವುದು ಇಂಥ ಕಡೆ ಕುತ್ತಿಗೆ ಹಿಡಿಯುತ್ತದೆ.

ದಾವಣಗೆರೆಯ ಗೋಡೆಗಳೆಲ್ಲ ಮುಗಿದ ಮೇಲೆ ಹರಿಹರದ ಪಟ್ಟಿ ಬಂತು. ಗೋಡೆ ಗುತ್ತಿಗೆ ಹಿಡಿಯುವವನು ಬೇರೆ, ಅವನಿಗೆ ಅಕ್ಕನ ಮನೆ ಯಾವುದು ಎಂದು ಗೊತ್ತಿಲ್ಲ. ಅವಳ ಓಣಿಯಲ್ಲಿ, ಅವಳ ಜಗಲಿಗೆ ಎದುರಿಗಿರುವ ಹಳೆಯ ಗೋದಾಮಿನ ಗೋಡೆ ಪಟ್ಟಿಯಲ್ಲಿತ್ತು. ಬೇರೆ ಗೋಡೆ ನೋಡು ಎಂದು ಹೇಳಬಹುದಿತ್ತು. ಬೇರೆ ಆರ್ಟಿಸ್ಟನ್ನು ಕಳಿಸಿದರೆ ಅಕ್ಷರ ಕೆಡಿಸುತ್ತಾನೆ ಎಂದು ನಾನೇ ಏಣಿ ಹೊತ್ತುಕೊಂಡು ಹೋದೆ.

ಸುಣ್ಣ ಆರಿತ್ತು. ದಾರ ಹಿಡಿದು ಗೆರೆ ಹೊಡೆದು, 'ಬೀಗರು ಬಂದಾರೆ' ಮುಗಿಸಿ, ಎರಡನೇ ಸಾಲಿನಲ್ಲಿದ್ದೆ. ಅಕ್ಕ ಜಗಲಿಯಿಂದ ಇಳಿದು ಬಂದಳು. ಕೈಯಲ್ಲಿ ತಟ್ಟೆ. ಬಿಸಿ ಮಂಡಕ್ಕಿ, ಮೇಲೆ ಎರಡು ಮಿರ್ಚಿ.

"ಇಳಿ ಕೆಳಗೆ, ತಿಂದು ಬರಿ. ಬಿಸ್ಲಾಗೆ ಮುಖ ಹೆಂಗ್ ಆಗೇತೆ ನೋಡು." ನಾನು ಎರಡು ಮೆಟ್ಟಿಲು ಇಳಿದು ಏಣಿಯಲ್ಲೇ ಕೂತು ತಟ್ಟೆ ತೆಗೆದುಕೊಂಡೆ. ಅವಳು ಹಣೆಗೆ ಕೈ ಅಡ್ಡ ಹಿಡಿದು ಗೋಡೆ ನೋಡಿದಳು. "ಬಾಳ ಚೆಂದ ಐತೆ ಕಣೋ ಬಣ್ಣ. ಏನಂತ ಬರ್ದೀಯಾ?"

ಬಾಯಲ್ಲಿ ಅವಳ ಮಂಡಕ್ಕಿ ಇತ್ತು. ನುಂಗಿದೆ.

"ಬೀಗರು ಬಂದಾರೆ, ಒಳಗೆ ಕರ್ಕೊಳ್ರಿ ಅಂತ."

"ಅಷ್ಟೇನಾ? ಒಳ್ಳೇ ಮಾತು ಬರ್ದೀಯಪ್ಪ. ಮಂದಿ ಮರ್ತೇ ಬಿಟ್ಟಾರೆ ಕರೆಯೋದ್ನ."

ಅವಳು ಖಾಲಿ ತಟ್ಟೆ ತೆಗೆದುಕೊಂಡು ಹೋದಳು. ನಾನು 'ಮಂಡಕ್ಕೀನಾ' ಮುಗಿಸಿ ಪ್ರಶ್ನೆ ಚಿಹ್ನೆ ಹಾಕಿದೆ. ಆ ಪ್ರಶ್ನೆ ಚಿಹ್ನೆ ನನ್ನ ಕೈಯಿಂದ ಅಷ್ಟು ಸೊಟ್ಟ ಬಂದದ್ದು ಅದೊಂದೇ ಸಲ.

ಆಮೇಲೆ ನಡೆದದ್ದು ನನಗೆ ಬೇರೆಯವರಿಂದ ತಿಳಿಯಿತು. ಡಬ್ಬಿ ಹಿಡಿದು ಬಂದ ಪ್ರತಿಯೊಬ್ಬರಿಗೂ ಅಕ್ಕ ಆ ಗೋಡೆ ತೋರಿಸುತ್ತಿದ್ದಳಂತೆ. "ನನ್ ತಮ್ಮ ಬರ್ದಿದ್ದು ಕಣ್ರವ್ವ, ಓದಿದ್ರಾ? ಎಷ್ಟು ಒಳ್ಳೇ ಮಾತು ನೋಡ್ರಿ." ಬಂದವರು ಗೋಡೆ ಓದುತ್ತಿದ್ದರು, ಅವಳ ಮುಖ ನೋಡುತ್ತಿದ್ದರು, ಕೈಯಲ್ಲಿದ್ದ ಡಬ್ಬಿ ನೋಡಿಕೊಳ್ಳುತ್ತಿದ್ದರು. ಒಬ್ಬರೂ ಅವಳಿಗೆ ನಿಜ ಹೇಳಲಿಲ್ಲ. ಅವರೆಲ್ಲರೂ ನನಗಿಂತ ಮರ್ಯಾದಸ್ಥರು. ಮೊದಲು ರೇಣುಕಮ್ಮ ಬರುವುದು ಕಡಿಮೆಯಾಯಿತು. ಆಮೇಲೆ ಹೊಸ ಬಡಾವಣೆಗಳ ಕಡೆಯವರು, ಆಮೇಲೆ ಸೊಸೆ ತಂದುಕೊಂಡವರು. ಮಂಡಕ್ಕಿ ಊರಿಂದ ಹೋಗಲಿಲ್ಲ, ಹೋಗುವಂಥದ್ದೂ ಅಲ್ಲ. ಹಜಾರದಿಂದ ಅಡುಗೆಮನೆಗೆ ಹೋಯಿತು. ಮನೆಯವರು ಒಳಗೆ ಮಂಡಕ್ಕಿ ತಿಂದು, ಬಾಯಿ ಒರೆಸಿಕೊಂಡು ಬಂದು, ನೆಂಟರ ಮುಂದೆ ಬಿಸ್ಕತ್ತು ಇಡುವ ಪದ್ಧತಿ ಬಂತು. ಮ್ಯಾನೇಜರು ಕೇಳಿದ್ದು ಇದನ್ನೇ. ನಾನು ಮಾಡಿಕೊಟ್ಟಿದ್ದೆ.

ಎರಡು ವರ್ಷದ ನಂತರ ಅಕ್ಕನ ಮಗಳು ಸುಮಾಳನ್ನು ನೋಡಲು ಗಂಡಿನ ಕಡೆಯವರು ಬಂದರು. ನಾನು ಸೋದರಮಾವ, ಬೆಳಿಗ್ಗೆಯೇ ಹೋಗಿದ್ದೆ. ಅಕ್ಕ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಸುಮಾ ಬಂದು ಮೊರ ಸರಿಸಿದಳು. ಆಗ ಅವಳು ಕಾಲೇಜಿನಲ್ಲಿ ಓದುತ್ತಿದ್ದಳು.

"ಅವ್ವಾ, ಮಂಡಕ್ಕಿ ಬ್ಯಾಡ. ಬಿಸ್ಕತ್ತು ತರಿಸೀನಿ."

"ಯಾಕ? ನಮ್ಮನೆಗೆ ಬಂದೋರು ಮಂಡಕ್ಕಿ ತಿನ್ನದಂಗೆ ಹೋಗೋದಾ? ಕೊಟ್ರಮ್ಮನ ಮನೆಯಿಂದ?"

"ಅವ್ವಾ, ಬ್ಯಾಡ ಅಂದೆ. ಅವ್ರು ಬರೋ ದಾರ್ಯಾಗೆ ಆ ಗ್ವಾಡೆ ಐತೆ. ಅದ್ನ ಓದ್ಕೊಂಡೇ ಒಳಗೆ ಬರ್ತಾರೆ."

"ಓದ್ಲಿ ಬಿಡು. ಒಳಗೆ ಕರ್ಕೊಳ್ರಿ ಅಂತೈತಲ್ಲ."

ಸುಮಾ ನನ್ನ ಕಡೆ ತಿರುಗಿದಳು. ನಾನು ಪಂಚೆಯ ಅಂಚು ಸರಿಮಾಡಿಕೊಳ್ಳುತ್ತಿದ್ದೆ. ಅವಳಿಗೆ ಅಷ್ಟರಲ್ಲೇ ಎಲ್ಲ ಗೊತ್ತಾಯಿತು. ತನ್ನ ತಾಯಿಗೆ ಗೋಡೆಯ ಮಾತು ಗೊತ್ತಿದ್ದೂ ತಮ್ಮನ ಮೇಲಿನ ಅಕ್ಕರೆಗೆ ತೋರಿಸಿಕೊಳ್ಳುತ್ತಿಲ್ಲ ಎಂದು ಆ ಹುಡುಗಿ ಎರಡು ವರ್ಷ ಅಂದುಕೊಂಡಿದ್ದಳಂತೆ.

"ಅವ್ವಾ," ಎಂದಳು ಮೆಲ್ಲಗೆ, "ಬೀಗರು ಬಂದಾರೆ, ಇನ್ನೂ ಮಂಡಕ್ಕೀನಾ ಅಂತ ಐತೆ ಅಲ್ಲಿ."

ಅಕ್ಕ ಸುಲಿದ ಬೆಳ್ಳುಳ್ಳಿಯನ್ನು ಸುಲಿಯದ್ದರ ಜೊತೆಗೇ ಬುಟ್ಟಿಗೆ ಸುರಿದು ಕೈ ತೊಳೆದಳು. "ಬಿಸ್ಕತ್ತು ಯಾವ ತಟ್ಟ್ಯಾಗೆ ಇಡ್ಬೇಕು, ನೀನೇ ಇಡವ್ವ, ನಂಗೆ ಗೊತ್ತಾಗಲ್ಲ" ಎಂದಳು. ಗಂಡಿನ ಕಡೆಯವರು ಬಂದರು, ಬಿಸ್ಕತ್ತು ತಿಂದರು, ಸಂಬಂಧ ಕುದುರಿತು. ಹೊರಡುವಾಗ ಗಂಡಿನ ತಾಯಿ, "ಏನ್ರವ್ವ, ನಿಮ್ಮನೆ ಮಂಡಕ್ಕಿಗೆ ಹೆಸ್ರಾಗೇತೆ ಅಂತ ಕೇಳಿ ಆಸೆ ಇಟ್ಕೊಂಡು ಬಂದಿದ್ದೆ" ಎಂದು ನಕ್ಕರು. ಅಕ್ಕನೂ ನಕ್ಕಳು. ನನ್ನ ಕಡೆ ನೋಡಲಿಲ್ಲ.

ಅದರ ಮರು ತಿಂಗಳು ನಾನು ಹೋದಾಗ ನನ್ನ ಮುಂದೆ ಒಂದು ತಟ್ಟೆ ಬಂತು. ಅದರಲ್ಲಿ ಬಿಸ್ಕತ್ತು. ಅಂದಿನಿಂದ ಪ್ರತಿ ಸಲವೂ ಬಿಸ್ಕತ್ತು. ದೇವರ ಗೂಡಿನಲ್ಲಿ ನನಗೆಂದು ಕಾಗದ ಇಡುವುದೂ ನಿಂತಿತು. ಬಂದ ಕಾಗದವನ್ನು ಸುಮಾ ಓದುತ್ತಿದ್ದಳು, ಸುಮಾ ಗಂಡನ ಮನೆಗೆ ಹೋದ ಮೇಲೆ ಅಂಚೆಯವರು ಓದುತ್ತಿದ್ದರು. ಓದಲು ಬರುವ ತಮ್ಮ ಎದುರಿಗೇ ಕೂತಿರುತ್ತಿದ್ದ.

ಕಸುಬು ಬದಲಾಯಿತು. ಆಟೋಕ್ಕೆ ಮೈಕು ಕಟ್ಟಿ ಕೂಗಿಸುವ ಕಾಲ ಬಂತು, ಕೇಬಲ್ ಟಿ.ವಿ.ಯ ಕೆಳಗೆ ಓಡುವ ಪಟ್ಟಿ ಬಂತು, ಆಮೇಲೆ ಫ್ಲೆಕ್ಸು. ಫ್ಲೆಕ್ಸು ಬಂದ ಮೇಲೆ ಕೈಯಕ್ಷರ ಯಾರಿಗೂ ಬೇಡವಾಯಿತು. ಸಾಲು ಮಾತ್ರ ಬೇಕಿತ್ತು, ಸಾಲು ಕೊಡುತ್ತಾ ಹತ್ತು ವರ್ಷ ದೂಡಿದೆ. ಗೌಸ್ ಮೇಸ್ತ್ರಿ ಹೋದರು, ಸಾಹುಕಾರರು ಹೋದರು. ಗೋದಾಮಿನ ಗೋಡೆಗೆ ಎಷ್ಟೋ ಸಲ ಬೇರೆ ಬೇರೆ ಬಣ್ಣ ಬಿತ್ತು. ಮಳೆಗಾಲದಲ್ಲಿ ಮೇಲಿನ ಬಣ್ಣ ತೊಯ್ದಾಗ ಒಳಗಿಂದ ನನ್ನ ಸೊಟ್ಟ ಪ್ರಶ್ನೆ ಚಿಹ್ನೆ ಈಗಲೂ ಮಸುಕಾಗಿ ಕಾಣುತ್ತದೆ. ಒಳ್ಳೆಯ ಎನಾಮಲ್ಲು.

ಹೋದ ತಿಂಗಳು ಚೈತ್ರ ತನ್ನ ಕೆಲಸ ತೋರಿಸಿದಳು.

"ನೀವು ಮೂರು ದಿನ ಕುಂತು ಕೇಳ್ತಿದ್ರಲ್ಲ ಅಂಕಲ್, ಈಗ ಕೂರಂಗೇ ಇಲ್ಲ. ಯಾರು ಯಾವ್ದರ ಮ್ಯಾಲೆ ಎಷ್ಟೊತ್ತು ನಿಂತ್ರು, ಯಾವ್ದನ್ನ ನೋಡಿ ತಿರುಗಾ ಹಿಂದಕ್ಕೆ ಬಂದ್ರು, ಎಲ್ಲಾ ಗೊತ್ತಾಗ್ತೈತೆ."

"ದನಿ ತಗ್ಗಿಸೋದೂ ಗೊತ್ತಾಗ್ತೈತಾ?"

"ಅದೇ ಮೊದ್ಲು ಗೊತ್ತಾಗೋದು." ಹಾಗಂದು ಫೋನು ಮುಂದೆ ಹಿಡಿದಳು. "ಇದು ನಾನೇ ಮಾಡಿದ್ದು, ಬಾಳ ಓಡ್ತಾ ಐತೆ. ಸ್ಯಾಂಪಲ್ ಪ್ಯಾಕೆಟ್ಟೂ ಐತೆ, ತಗೊಳ್ರಿ."

ಚಿತ್ರದಲ್ಲಿ ಒಬ್ಬ ಅಜ್ಜಿ, ಹಿತ್ತಾಳೆ ಬೋಗುಣಿ. ಬಣ್ಣದ ಪ್ಯಾಕೆಟ್ಟಿನಲ್ಲಿ ಖಾರ ಮಂಡಕ್ಕಿ. 'ನೀವು ಮರೆತ ರುಚಿ. ಅಕ್ಕನ ಕೈಯದೇ.' ಎಂ.ಸಿ.ಸಿ. ಬಡಾವಣೆಯ ಮನೆಗಳಲ್ಲಿ ಈಗ ನೆಂಟರ ಮುಂದೆ ಇದನ್ನು ಇಡುತ್ತಾರಂತೆ. ಮೊದಲು ಅವರ ಕೈಯಿಂದ ಕಿತ್ತುಕೊಂಡೆವು. ಈಗ ಕಳೆದುಹೋಯಿತೆಂದು ಸಂಕಟಪಡಿಸಿ ಅದನ್ನೇ ಅವರಿಗೆ ಮಾರುತ್ತಿದ್ದೇವೆ. ಎರಡೂ ಸಲ ಸಾಲು ಚೆನ್ನಾಗಿಯೇ ಬಂದಿದೆ. ಚೈತ್ರ ಹೊಗಳಿಕೆಗೆ ಕಾಯುತ್ತಿದ್ದಳು. ಹೊಗಳಿದೆ. ಕೆಲಸ ಕೆಟ್ಟದ್ದಿದ್ದರೆ ಬೈಯಬಹುದಿತ್ತು.

ಹೊಸಬರೇ, ಏನಾದರೂ ಉಪಯೋಗದ್ದು ಹೇಳಬೇಕೆಂದರೆ ನನ್ನಲ್ಲಿ ಇರುವುದು ಒಂದೇ. ಜನರ ಆಸೆ ನೋಡಬೇಡಿ, ನಾಚಿಕೆ ಮುಟ್ಟಬೇಡಿ ಎಂದರೆ ನೀವು ಕೇಳುವುದಿಲ್ಲ. ನಿಮಗೂ ಸಂಸಾರವಿದೆ. ಒಂದು ಸಾಲು ಬರೆದ ಮೇಲೆ, ಓದಲು ಬಾರದ ನಿಮ್ಮವರು ಯಾರಾದರೂ ಇದ್ದರೆ ಅವರೆದುರು ನಿಂತು ಅದನ್ನು ಇದ್ದದ್ದು ಇದ್ದ ಹಾಗೆ ಓದಿ ಹೇಳಿ. ಹೇಳುವಾಗ ನಾಲಿಗೆ ಬೇರೆ ಮಾತು ಹುಡುಕಿದರೆ ಆ ಸಾಲನ್ನು ಅಳಿಸಿಬಿಡಿ.

ಇಷ್ಟು ಬರೆದಿಟ್ಟು ನಿಲ್ಲಿಸಿದ್ದೆ. ನಾನೇ ಮಾಡದ್ದನ್ನು ಬೇರೆಯವರಿಗೆ ಹೇಳುತ್ತಿದ್ದೇನೆ ಅನಿಸಿತು. ಹಿಂದಿನ ಭಾನುವಾರ ಆ ಪ್ಯಾಕೆಟ್ಟನ್ನು ಚೀಲದಲ್ಲಿ ಹಾಕಿಕೊಂಡು ಹರಿಹರಕ್ಕೆ ಹೋದೆ.

ಅಕ್ಕನಿಗೆ ಈಗ ಮಂಡಿ ನೋವು, ವ್ಯಾಪಾರ ಬಿಟ್ಟು ವರ್ಷಗಳಾದವು. ಸುಮಾ ಬಂದಿದ್ದಳು. ನಾನು ಕೂತ ಕೂಡಲೇ ಬಿಸ್ಕತ್ತಿನ ತಟ್ಟೆ ಬಂತು. ಅದನ್ನು ಮುಟ್ಟದೆ ಹೇಳಿದೆ.

"ಅಕ್ಕಾ, ಆ ಗ್ವಾಡೆ ಮ್ಯಾಲೆ ನಾನು ಬರ್ದಿದ್ದು ತಪ್ಪು."

ಕಾಲು ನೀವಿಕೊಳ್ಳುತ್ತಿದ್ದವಳು ನಿಲ್ಲಿಸಲಿಲ್ಲ.

"ಬರ್ದಿದ್ದು ನಿನ್ ಹೊಟ್ಟೆಪಾಡು. ಅವತ್ತೇ ಬಿಟ್ಟೆ ಅದ್ನ." ಇನ್ನೊಂದು ಕಾಲು ಚಾಚಿಕೊಂಡು, "ನನ್ ಮುಂದೆ ಬ್ಯಾರೆ ಓದಿದ್ಯಲ್ಲ, ಅದು ಯಾರ್ ಹೊಟ್ಟೆಪಾಡಪ್ಪ?" ಎಂದಳು.

ಏನು ಮಾಡಬೇಕೆಂದು ತಿಳಿಯದೆ ಚೀಲದಿಂದ ಪ್ಯಾಕೆಟ್ಟು ತೆಗೆದು ಅವಳ ಮುಂದಿಟ್ಟೆ. ಅವಳು ತಿರುಗಿಸಿ ನೋಡಿದಳು. ನನ್ನ ಕೈಗೇ ವಾಪಸ್ ಕೊಟ್ಟಳು.

"ಏನ್ ಬರ್ದಾರೆ, ಓದು."

ಎಷ್ಟೋ ವರ್ಷಗಳ ಮೇಲೆ ಅವಳು ನನ್ನ ಕೈಗೆ ಓದಲು ಕೊಟ್ಟದ್ದು ಅದು. ಕನ್ನಡಕ ಹಾಕಿಕೊಂಡು, ಒಂದೊಂದು ಪದದ ಕೆಳಗೂ ಬೆರಳಿಟ್ಟು ಓದಿದೆ. "ನೀವು ಮರೆತ ರುಚಿ. ಅಕ್ಕನ ಕೈಯದೇ." ಹಿಂದುಗಡೆ ಸಣ್ಣ ಅಕ್ಷರದಲ್ಲಿದ್ದ ಬೆಳ್ಳುಳ್ಳಿ, ಉಪ್ಪು, ಅರಿಶಿನ, ಎಣ್ಣೆ, ಎಲ್ಲವನ್ನೂ ಓದಿದೆ.

"ಮರ್ತೋರು ಯಾರಂತೆ?"

"ಅದು ಬರ್ದಿಲ್ಲಕ್ಕ."

ಅವಳು ಪ್ಯಾಕೆಟ್ಟನ್ನು ತೆಗೆದುಕೊಂಡು ಅಡುಗೆಮನೆಯ ಬಾಗಿಲ ಕಡೆ ಚಾಚಿದಳು.

"ಸುಮಾ, ಬಾರೇ ಇಲ್ಲಿ. ಹಂಗೇ ಬರ್ದಾರಾ ನೋಡು."

ಸುಮಾ ಕೈ ಒರೆಸಿಕೊಳ್ಳುತ್ತಾ ಬಂದು, ನನ್ನ ಮುಖ ನೋಡದೆ, ಹಿಂದೆ ಮುಂದೆ ಎರಡೂ ಕಡೆ ಓದಿದಳು. "ಹೂಂ ಅವ್ವ. ಮಾಮ ಸರಿಯಾಗೇ ಓದ್ಯಾನೆ."

ಅಕ್ಕ ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಿನಿಂದ ಹರಿದು, ಒಂದು ಹಿಡಿ ಬಾಯಿಗೆ ಹಾಕಿಕೊಂಡು ಅಗಿದಳು. "ಉಪ್ಪು ಕಮ್ಮಿ" ಎಂದಳು. ನಾನೂ ಕೈ ಚಾಚಿದೆ. ಅವಳು ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆಗೆ ಸರಿಸಿದಳು.